ಎಡಬದಿಯ ಬಾಲ್ಕನಿ

ಅಕ್ಟೋಬರ್ 27, ಸೋಮವಾರ

ಹಾಲಿನವ ಇವತ್ತೂ ಬರಲಿಲ್ಲ. ಕರಿ ಚಹಾ ಕುಡಿದು ಮತ್ತೆ ಹಡಗಿನ ಡೆಕ್ ಪ್ಲಾನ್ ಮುಂದೆ ಕೂತೆ. ಗೌತಮ ಆಫೀಸಿನಲ್ಲಿ ದೊಡ್ಡ ಹಾಳೆಯ ಮೇಲೆ ಪ್ರಿಂಟ್ ತೆಗೆಸಿಕೊಟ್ಟಿದ್ದಾನೆ. “ಅವ್ವಾ, ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವಾಗೂ ನೀ ಇಷ್ಟು ಕೆಂಪ ಪೆನ್ ಖರ್ಚ ಮಾಡಿದ್ದಿಲ್ಲ” ಎಂದ. ಮಗ, ಏನಾದರೂ ಅಂದುಕೊಳ್ಳಲಿ.

ತೀರ್ಮಾನ ಆಯಿತು. ಆರನೇ ಡೆಕ್, ಅಂದರೆ ಆರನೇ ಅಂತಸ್ತು, ಬೇಡ — ಬಾಲ್ಕನಿಯ ಮುಂದೆಯೇ ಲೈಫ್‌ಬೋಟ್ ತೂಗುಹಾಕಿರುತ್ತಾರೆ, ದೋಣಿಯ ಹೊಟ್ಟೆ ನೋಡುತ್ತ ಕೂಡಬೇಕು. ಹತ್ತನೆಯದೂ ಬೇಡ — ಮೇಲೆ ಈಜುಕೊಳ, ಬೆಳಿಗ್ಗೆ ಐದಕ್ಕೇ ಕುರ್ಚಿ ಎಳೆದಾಡುತ್ತಾರಂತೆ. ಮುಂದಿನ ತುದಿಯಲ್ಲಿ ತೂಗಾಟ. ಹಿಂದೆ ಎಂಜಿನ್ನಿನ ನಡುಕ. ಎಂಟನೇ ಡೆಕ್, ನಟ್ಟನಡುವೆ, ಎಡಬದಿ. ಮುಂಬಯಿಯಿಂದ ಕೊಚ್ಚಿಗೆ ಹೋಗುವ ಹಡಗು. ದಕ್ಷಿಣಕ್ಕೆ ಮುಖ, ಎಡಕ್ಕೆ ಪೂರ್ವ, ಪೂರ್ವಕ್ಕೆ ದಂಡೆ. ಬಲಬದಿಯವರಿಗೆ ಬರೀ ನೀರು. ಮಧ್ಯಾಹ್ನವಾದರೆ ಮುಖದ ಮೇಲೆ ಬಿಸಿಲು.

ಮೂವತ್ತಮೂರು ವರ್ಷ ಭೂಗೋಳ ಕಲಿಸಿದೆ. ಪುಸ್ತಕ ನೋಡದೆ ಬೋರ್ಡಿನ ಮೇಲೆ ಪಶ್ಚಿಮ ಕರಾವಳಿ ಬರೆಯುತ್ತಿದ್ದೆ. ಕಾರವಾರದ ಹತ್ತಿರ ಚಾಕ್ ಸ್ವಲ್ಪ ಒಳಗೆ ತಿರುಗಬೇಕು, ಅಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ. ಆ ಗೆರೆಯನ್ನು ಸಮುದ್ರದ ಕಡೆಯಿಂದ ಒಮ್ಮೆ ನೋಡಬೇಕು. ಅರವತ್ತೊಂದನೇ ವಯಸ್ಸಿಗೆ ಇಷ್ಟಾದರೂ ಆಸೆ ಇರಬೇಡವೇ.

ಅಂಬಾಬಾಯಿ ನನ್ನ ಜೊತೆ ಅದೇ ಕ್ಯಾಬಿನ್‌ನಲ್ಲಿ. ಸ್ಟಾಫ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ನನ್ನ ಪಕ್ಕದ ಕುರ್ಚಿ ಅವಳದು. ಸಂಗೀತದ ಟೀಚರು. ಪ್ಲಾನಿನಲ್ಲಿ 8046ನೇ ಕ್ಯಾಬಿನ್ನಿಗೆ ಕೆಂಪು ಸುತ್ತು ಹಾಕಿ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು. “ಸುಜಾತಾ, ನೀ ಆರಿಸೀದಿ ಅಂದ್ರ ಮುಗೀತು. ನಾ ಕಣ್ಣ ಮುಚ್ಚಿ ಬರ್ತೇನಿ.”

ನವೆಂಬರ್ 9, ರವಿವಾರ, ಸಂಜೆ 5

ಪ್ರಾಚಿ ಪ್ರವಾಸದ ವಾಟ್ಸಾಪ್ ಗ್ರೂಪಿಗೆ ಕ್ಯಾಬಿನ್ ಪಟ್ಟಿ ಹಾಕಿದ್ದಾಳೆ. ಅಂಬಾಬಾಯಿಯ ತಂಗಿಯ ಮಗಳು ಇವಳು, ಹುಬ್ಬಳ್ಳಿಯಲ್ಲಿ ಟೂರ್ ಬುಕಿಂಗ್ ಮಾಡುತ್ತಾಳೆ. ನಮ್ಮ ಎಂಟು ಜನ ನಿವೃತ್ತ ಟೀಚರುಗಳನ್ನು ಕರೆದೊಯ್ಯುವವಳು ಅವಳೇ.

8046 — ಅಂಬಾಬಾಯಿ, ಪ್ರಾಚಿ.
8051 — ಸುಜಾತಾ.

ಒಬ್ಬಳೇ. ಹಡಗಿನ ಬಲಬದಿ. ಫೋನ್ ಮಾಡಿದೆ.

“ಟೀಚರ್, ನಿಮಗ ಸಿಂಗಲ್ ರೂಮ್ ಮಾಡೇನ್ರಿ, ಆರಾಮ ಆಗ್ತದ. ಮೌಶಿಗೆ ಬೆಳಿಗ್ಗೆ ಮಡಿ, ಪೂಜಿ ಎಲ್ಲಾ ಇರ್ತಾವಲ್ಲ... ಬಾತ್‌ರೂಮ್ ಒಂದೇ ಇರ್ತದ. ತಪ್ಪ ತಿಳ್ಕೋಬ್ಯಾಡ್ರಿ.”

“ನೀನೂ ಅದೇ ಬಾತ್‌ರೂಮಿಗೆ ಹೋಗಾಕಿ ಅಲ್ಲೇನವಾ?”

“ನಂದು ಬ್ಯಾರೆ ಅಲ್ರೀ, ನಾ ಮನ್ಯಾಕಿ...” ಎಂದಳು. ಆಮೇಲೆ ಅವಳಿಗೆ ನನ್ನ ದನಿ ಕೇಳಿಸದಾಯಿತಂತೆ. ನೆಟ್‌ವರ್ಕ್ ಇಲ್ಲವಂತೆ.

ಫೋನನ್ನು ಹಾಸಿಗೆಯ ಮೇಲೆ ಎಸೆದೆ. ಸಿಟ್ಟಿಗೆ. ನಾವು ಬೌದ್ಧರು, ಅಪ್ಪನ ಕಾಲಕ್ಕೆ ದೀಕ್ಷೆ ತೆಗೆದುಕೊಂಡವರು. ಅದಕ್ಕೂ ಮೊದಲು ಊರ ಹೊರಗಿನ ಯಾವ ಕೇರಿಯಲ್ಲಿದ್ದೆವು ಎಂಬುದು ಅಂಬಾಬಾಯಿಗೆ ಗೊತ್ತು. ಇಪ್ಪತ್ತೆರಡು ವರ್ಷ ಗೊತ್ತಿಲ್ಲದವಳ ಹಾಗೆ ಪಕ್ಕದಲ್ಲಿ ಕೂತಿದ್ದಳು, ಅಷ್ಟೇ.

ನಾನು ಆರಿಸಿದ ಕ್ಯಾಬಿನ್ ಬೇಕು. ನಾನು ಬೇಡ.

ನವೆಂಬರ್ 10

ನಿನ್ನೆಯ ಉರಿ ಇನ್ನೂ ಆರಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಡಬ್ಬಿಗಳೆಲ್ಲ ನೆನಪಾದವು.

ಅವಳ ಡಬ್ಬಿಯ ಚಕ್ಕಲಿ ತಿಂದೆ, ಅವಲಕ್ಕಿ ತಿಂದೆ, ಮೆಂತ್ಯದ ಹಿಟ್ಟು ಕಲಸಿದ ಅನ್ನ ತಿಂದೆ. ನಾನು ಗೋಧಿ-ಬೆಲ್ಲದ ಮಾದಲಿ ಒಯ್ದ ದಿನ — “ಇವತ್ತ ಏಕಾದಶಿ ಅಲ್ಲೇನ ಸುಜಾತಾ.” ಶೇಂಗಾ ಹೋಳಿಗೆ ಒಯ್ದೆ, ಏಕಾದಶಿ. ಗೌತಮನಿಗೆ ನೌಕರಿ ಸಿಕ್ಕಾಗ ಲಡ್ಡು ಮಾಡಿ ಒಯ್ದೆ, ಅವತ್ತೂ ಏಕಾದಶಿ. ಅಂಗಡಿಯ ಪೇಡೆ ಒಯ್ದ ದಿನ ಮಾತ್ರ ಏಕಾದಶಿ ಇರುತ್ತಿರಲಿಲ್ಲ. ಎರಡೆರಡು ತಿಂದಳು.

ತಿಂಗಳಿಗೆ ಇರುವುದೇ ಎರಡು ಏಕಾದಶಿ. ಸ್ಟಾಫ್ ರೂಮಿನ ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ನಾನು ತಲೆ ಎತ್ತಿ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ನೋಡಿದ್ದರೆ ಗೆಳತಿ ಹೋಗುತ್ತಿದ್ದಳು. ಈಗ ನನ್ನ ಮೇಲೆಯೇ ಹೆಚ್ಚು ಸಿಟ್ಟು ಬರುತ್ತಿದೆ.

ಹಡಗಿನಲ್ಲಿ ಮೂರು ಹೊತ್ತೂ ಬಫೆ. ಅಲ್ಲಿ ಒಲೆಯ ಮುಂದೆ ನಿಂತವರು ಯಾರ ಪೈಕಿ ಎಂದು ವಿಚಾರಿಸಿದ್ದಾಳೇನು?

“ಬಿಡವ್ವಾ, ಕ್ಯಾನ್ಸಲ್ ಮಾಡೂಣು” ಎಂದ ಗೌತಮ. ಯಾಕೆ ಮಾಡಲಿ. ಸಮುದ್ರ ಏನು ಅವರಪ್ಪನದೇ. ಹೋಗುತ್ತೇನೆ.

ನವೆಂಬರ್ 18, ಮಂಗಳವಾರ

ಬ್ಯಾಂಕಿನಲ್ಲಿ ಪಿಂಚಣಿದಾರರ ಸಾಲು. ಪ್ರತಿ ನವೆಂಬರ್‌ನಲ್ಲಿ ಹೋಗಿ, ಇನ್ನೂ ಬದುಕಿದ್ದೇನೆ ಎಂದು ಬೆರಳು ಒತ್ತಿ ಬರಬೇಕು. ನನ್ನ ಹಿಂದೆಯೇ ಬಂದು ನಿಂತಳು ಅಂಬಾಬಾಯಿ.

“ಸುಜಾತಾ, ಸಿಟ್ಟಾಗೀಯೇನ? ಪ್ರಾಚಿ ಮಾಡಿದ್ದದು. ನನಗ ಒಂದ ಮಾತ ಕೇಳಲಿಲ್ಲ.”

“ಕೇಳಿದ್ರ ಏನಂತಿದ್ರಿ?”

ಪಾಸ್‌ಬುಕ್ ತೆರೆದಳು, ಮುಚ್ಚಿದಳು. “ವಯಸ್ಸಾತು. ಹಳೇ ರೂಢಿ, ಮೈಗೆ ಹತ್ತಿಬಿಟ್ಟದ. ನಿನಗ ತಿಳೀತದ.”

“ನನಗ ತಿಳೀತೈತಿ ಅಂತಽ ಇಪ್ಪತ್ತೆರಡು ವರ್ಷ ನಡಸಿದ್ರಿ.”

ಜೋರಾಗಿಯೇ ಅಂದೆ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ನೋಡಲಿ. ನನ್ನ ಬೆರಳು ಮೊದಲ ಸಲ ಮಷೀನಿಗೆ ಹತ್ತಲಿಲ್ಲ, ಚಾಕ್ ಹಿಡಿದು ಗೆರೆಗಳೆಲ್ಲ ಸವೆದಿವೆ. ಮೂರನೇ ಸಲಕ್ಕೆ ಹತ್ತಿತು. ಅವಳಿಗೆ ಹೋಗಿಬರುತ್ತೇನೆ ಎನ್ನದೆ ಬಂದೆ. ಲಕಮನಹಳ್ಳಿಯ ಮನೆ ಬರುವವರೆಗೂ ಆಟೋದಲ್ಲಿ ಒಬ್ಬಳೇ ಬೈಯುತ್ತಿದ್ದೆ. ಆಟೋದವನು ಕನ್ನಡಿಯಲ್ಲಿ ನೋಡಿದ, ಏನೂ ಕೇಳಲಿಲ್ಲ. ಒಳ್ಳೆಯವನು.

ಡಿಸೆಂಬರ್ 12, ಶುಕ್ರವಾರ

ಪ್ರಾಚಿಯ ಹೊಸ ಮೆಸೇಜು. ನಾವು ಹೋಗಬೇಕಿದ್ದ ಸುತ್ತು ರದ್ದಾಯಿತಂತೆ. ಅದಕ್ಕೇ ವಾಪಸ್ ಬರುವ ಹಡಗು ಹಿಡಿಯುವುದಂತೆ. ರೈಲಿನಲ್ಲಿ ಕೊಚ್ಚಿ ತಲುಪಿ, ಜನವರಿ 19ಕ್ಕೆ ಅಲ್ಲಿ ಹತ್ತಿ ಮುಂಬಯಿಯಲ್ಲಿ ಇಳಿಯುವುದು. ಕ್ಯಾಬಿನ್ ನಂಬರು ಅವೇ. ಎಲ್ಲರೂ ಹೆಬ್ಬೆರಳು ಎತ್ತಿದರು. ಅಂಬಾಬಾಯಿ ಗುಲಾಬಿ ಹೂ ಹಾಕಿದಳು.

ಎರಡು ಸಲ ಓದಿದೆ. ಪ್ಲಾನ್ ತೆಗೆದು ಟೇಬಲ್ಲಿನ ಮೇಲೆ ಹಾಸಿದೆ, ಆಮೇಲೆ ತಿರುಗಿಸಿ ಹಾಸಿದೆ.

ಕೊಚ್ಚಿಯಿಂದ ಮುಂಬಯಿಗೆ ಎಂದರೆ ಉತ್ತರಕ್ಕೆ ಮುಖ. ದಂಡೆ ಈಗ ಬಲಕ್ಕೆ ಬಂತು. ನನ್ನ ಕಡೆ. 8046ಕ್ಕೆ ಬರೀ ನೀರು, ಮಧ್ಯಾಹ್ನದ ಬಿಸಿಲು.

ಉಳಿದ ಏಳೂ ಜನ ಟೀಚರುಗಳೇ. ಒಬ್ಬರಿಗೂ ಹೊಳೆಯಲಿಲ್ಲ. ಗ್ರೂಪಿಗೆ ಬರೆಯಲು ಶುರು ಮಾಡಿದೆ — ‘ಅಂಬಾಬಾಯಿ, ನಿಮ್ಮ ಕ್ಯಾಬಿನ್...’ ಅಳಿಸಿದೆ. ಮೂವತ್ತಮೂರು ವರ್ಷ ಉತ್ತರ ಹೇಳಿಕೊಟ್ಟೆ. ಇದೊಂದನ್ನು ಹೇಳುವುದಿಲ್ಲ.

ಗೌತಮನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಸಂಜೆ ಸ್ವಲ್ಪ ನಾಚಿಕೆಯೂ ಆಯಿತು. ಆದರೂ ಮೆಸೇಜು ಹಾಕಲಿಲ್ಲ.

ಜನವರಿ 15, ಗುರುವಾರ

ಸಂಕ್ರಾಂತಿ. ಅಂಬಾಬಾಯಿ ಕುಸುರೆಳ್ಳಿನ ಫೋಟೋ ಕಳಿಸಿದ್ದಾಳೆ. ಗ್ರೂಪಿಗೆ ಒಂದು, ನನಗೆ ಬೇರೆ ಒಂದು. ಫೋಟೋಕ್ಕೆ ಮಡಿ ಇಲ್ಲವಲ್ಲ. ಉತ್ತರ ಕೊಡಲಿಲ್ಲ.

ಮಾದಲಿಗೆ ಗೋಧಿ ಬೀಸಿಸಿಕೊಂಡು ಬಂದೆ. ವಾರ ಇಟ್ಟರೂ ಕೆಡುವುದಿಲ್ಲ.

ಜನವರಿ 19, ಹಡಗು

ಹತ್ತಿದೆವು. ರೈಲಿನುದ್ದಕ್ಕೂ ಅವಳು ಆ ತುದಿ, ನಾನು ಈ ತುದಿ. ಕ್ಯಾಬಿನ್ ಸಣ್ಣದು, ಸ್ವಚ್ಛ. ಕೆಟಲ್ ಇದೆ. ಕಪ್ಪು ಎರಡು ಇಟ್ಟಿದ್ದಾರೆ, ಒಬ್ಬಳಿಗೆ. ಬಾಲ್ಕನಿಯಲ್ಲಿ ಕುರ್ಚಿಯೂ ಎರಡು. ಎರಡನೆಯದನ್ನು ನೋಡಿ ಮತ್ತೆ ಮೈ ಉರಿಯಿತು. ಒಳಗೆ ತಂದಿಟ್ಟೆ.

ಜನವರಿ 20, ಮಂಗಳವಾರ, ಮಧ್ಯಾಹ್ನ 3.10

ಕಂಡಿತು. ಒಂದೂವರೆಯಿಂದ ಕೂತಿದ್ದೆ. ಮೊದಲು ಮಬ್ಬು, ಆಮೇಲೆ ಗುಡ್ಡ, ಗುಡ್ಡದ ಕೆಳಗೆ ತೆಳ್ಳಗೆ ಬಿಳಿ ಗೆರೆ. ಬೆರಳೆತ್ತಿ ಗಾಳಿಯಲ್ಲಿ ಅದರ ಜೊತೆಯೇ ಎಳೆಯುತ್ತ ಹೋದೆ. ಗೆರೆ ಒಳಗೆ ತಿರುಗಿದ ಕಡೆ ನನ್ನ ಕೈಯೂ ತಾನಾಗಿ ತಿರುಗಿತು. ಸರಿಯಾಗಿಯೇ ಕಲಿಸಿದ್ದೆ. ಅತ್ತುಬಿಟ್ಟೆ. ಯಾರಿಗಾದರೂ ತೋರಿಸಬೇಕು ಅನಿಸಿತು, ಅದಕ್ಕೂ ಸಿಟ್ಟು ಬಂತು.

ಆಗಲೇ ಬಾಗಿಲು ಬಡಿದದ್ದು. ಅಂಬಾಬಾಯಿ. ಬಿಸಿಲಿಗೆ ಮುಖ ಕೆಂಪಾಗಿದೆ.

“ನಮ್ಮ ಕಡೆ ಬರೇ ನೀರು, ಸುಜಾತಾ. ಪ್ರಾಚಿ ಪಡದಾ ಎಳ್ಕೊಂಡು ಮಲಗ್ಯಾಳ. ನಿನಗ ಮೊದಲಽ ಗೊತ್ತಿತ್ತೇನ?”

“ಗೊತ್ತಿತ್ರಿ. ಡಿಸೆಂಬರ್‌ದಾಗಽ.”

“ಹೇಳಲಿಲ್ಲ ನೀ.”

“ಹೇಳಲಿಲ್ರಿ.”

ನನ್ನ ಹೆಗಲಾಚೆ ಬಾಲ್ಕನಿಯ ಕಡೆ ನೋಡಿದಳು. “ಜರಾ ಹೊತ್ತ ಕೂಡಲೇನ ಇಲ್ಲೆ?”

ಒಳಗಿಟ್ಟಿದ್ದ ಕುರ್ಚಿಯನ್ನು ಎತ್ತಿ ಹೊರಗೆ ಹಾಕಿದೆ. ಈಗ ಕೂತಿದ್ದಾಳೆ. ಗಾಜಿನಾಚೆ ಬೆನ್ನು, ಬಿಳಿ ತುರುಬು ಕಾಣುತ್ತಿದೆ. “ಅದು ಕಾರವಾರನಽ ಏನ?” ಎಂದು ಕೂಗಿ ಕೇಳುತ್ತಿದ್ದಾಳೆ. ಹೂಂ ಅಂದೆ. ನಾನು ಒಳಗೆ ಕೆಟಲ್ ಹಚ್ಚಿ ಇದನ್ನು ಬರೆಯುತ್ತಿದ್ದೇನೆ. ಸಿಟ್ಟು ಇಳಿದಿಲ್ಲ. ದಂಡೆ ನೋಡಲಿ, ಅದು ನನ್ನ ಅಪ್ಪನದೂ ಅಲ್ಲ. ಆದರೆ ಈ ಕ್ಯಾಬಿನ್ ನನ್ನದು.

ಚಹಾಕ್ಕೆ ಎರಡು ಕಪ್ಪು ತೊಳೆದಿಟ್ಟಿದ್ದೇನೆ. ತಟ್ಟೆಯಲ್ಲಿ ಮಾದಲಿ, ಮೇಲೆ ತುಪ್ಪ. ನನ್ನ ಕೈಯಿಂದ ಮಾಡಿದ್ದು. ಇವತ್ತು ಬಿದಿಗೆ. ಏಕಾದಶಿಗೆ ಇನ್ನೂ ಒಂಬತ್ತು ದಿನ ಇದೆ. ಈ ಸಲ ಕ್ಯಾಲೆಂಡರ್ ನೋಡಿಕೊಂಡೇ ಬಂದಿದ್ದೇನೆ.

ನೀರು ಕುದಿಯಿತು. ಒಯ್ದು ಅವಳ ಮುಂದೆ ಹಿಡಿಯುತ್ತೇನೆ. ಅವಳು ಕೈ ಚಾಚಿದರೆ—