ನೀಲಿ ಹಂಡೆ ಕೆಟ್ಟ ದಿನ

ಗಜೇಂದ್ರಗಡ
ಮಂಗಳವಾರ

ದೊಡ್ಡವ್ವಾ, ಶರಣು.

ಇಲ್ಲಿ ನಾನು ಉಣ್ಣೆಗೆ ಗಿಡದ ಬಣ್ಣ ಹಾಕುವುದನ್ನು ಕಲಿಯುತ್ತಿದ್ದೇನೆ. ಇವರದೊಂದು ವಿಚಿತ್ರ ರೂಢಿ ಇದೆ. ನೀಲಿ ಬಣ್ಣದ ನೀರಿನ ಹಂಡೆ ಕೆಟ್ಟು ಉಣ್ಣೆ ಬಣ್ಣ ಹಿಡಿಯದಿದ್ದರೆ ಯಾರಾದರೂ ಪೇಟೆಗೆ ಹೋಗಿ ದೊಡ್ಡದೊಂದು ಸುಳ್ಳು ಹಬ್ಬಿಸಿ ಬರಬೇಕು. ಆಗ ಹಂಡೆ ಸರಿಯಾಗುತ್ತದಂತೆ.

ಶನಿವಾರ ಹಂಡೆ ಕೆಟ್ಟಿತು. ಕೆಲಸ ಕಲಿಸುವ ಮುದುಕಿ ಶೇಖವ್ವ ನನಗೆ ಹೋಗು ಅಂದಳು. ನಾನು ಒಲ್ಲೆ ಅಂದೆ.

“ಸಾಲಿ ಬಿಟ್ಟಾಕಿ, ಒಂದ್ ಸುಳ್ಳ ಹೇಳಾಕೂ ಬರೂದಿಲ್ಲೇನ ನಿನಗ?” ಎಂದು ನಗುತ್ತಾ ಎದ್ದವಳು ಹಸಿ ಕಲ್ಲಿನ ಮೇಲೆ ಜಾರಿದಳು. ಬಣ್ಣ ಗಟ್ಟಿಯಾಗಿ ಕಚ್ಚಲೆಂದು ಉಣ್ಣೆ ಕುದಿಸುವ ಪಟಕದ ಪಾತ್ರೆ ಮಗುಚಿ ಕುದಿನೀರು ಪೂರ್ತಿ ಅವಳ ಮೈಮೇಲೆ ಬಿತ್ತು.

ನಾನು ಪೇಟೆಗೆ ಓಡಿದೆ. “ಶೇಖವ್ವ ಸುಟ್ಕೊಂಡಾಳ, ಲಗೂ ಗಾಡಿ ತರ್ರಿ!” ಎಂದು ಕೂಗಿದೆ.

ಆಟೋದವರು ನಕ್ಕರು. “ನೀಲಿ ಕೆಟ್ಟೈತೇನ ತಂಗಿ? ಹೋದ ಸಲ ಗುಡ್ಡಕ್ಕ ಆನಿ ಬಂದೈತಿ ಅಂದಿದ್ರಿ!”

ನಾನು ಅಳತೊಡಗಿದೆ. “ಈಕಿ ಭಾಳ ಚಲೋ ನಾಟಕ ಮಾಡ್ತಾಳ” ಎಂದು ಇನ್ನಷ್ಟು ನಕ್ಕರು. ಗಾಡಿ ಸಿಗುವಷ್ಟರಲ್ಲಿ ಸಂಜೆಯಾಗಿತ್ತು. ಶೇಖವ್ವ ನಿನ್ನೆ ದವಾಖಾನೆಯಲ್ಲಿ ತೀರಿಕೊಂಡಳು.

ನನ್ನ ಕಾಲಿಗೂ ಸ್ವಲ್ಪ ನೀರು ಸಿಡಿದಿದೆ. ಮುಲಾಮು ಹಚ್ಚುತ್ತಿದ್ದೇನೆ, ನಡೆಯಲು ಬರುತ್ತದೆ. ಅವ್ವ ಕೇಳಿದರೆ ಮುಚ್ಚಿಡಬೇಡ.

ಇವತ್ತು ನೀಲಿ ಹಂಡೆಯ ಮುಚ್ಚಳ ತೆಗೆದು ಒಂದು ಎಳೆ ಅದ್ದಿ ನೋಡಿದೆವು. ಬಣ್ಣ ಚಲೋ ಹಿಡಿಯಿತು. ಎಲ್ಲರೂ ನನ್ನ ಮುಖ ನೋಡಿದರು.

ನಾನು ಹೇಳಿದ್ದು ಖರೇ ಇತ್ತು, ದೊಡ್ಡವ್ವಾ.

ಮಧುಮತಿ