ದಸರಾ ರಜೆಗೆ ದೆಹಲಿ

ಬಾಗೂರು, ಹೊಸದುರ್ಗ ತಾಲ್ಲೂಕು
6 ಜುಲೈ 2025, ಭಾನುವಾರ

ಪ್ರೀತಿಯ ತಂಗಿ ದೀಪಾಳಿಗೆ, ನಿನ್ನ ಅಕ್ಕ ನೇತ್ರಾವತಿಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನೂ ಬಾಲರಾಜುವೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಬರೆಯುವುದು ತಡವಾಯಿತು, ಬೈಯಬೇಡ. ಶಾಲೆ ಶುರುವಾದ ತಿಂಗಳಲ್ಲಿ ನಮ್ಮಂಥ ಟೀಚರುಗಳಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ‘ಈ ಕಾಲ್ದಾಗೆ ಯಾರು ಕಾಗದ ಬರೀತಾರೆ ಮೇಡಮ್ಮಾರೆ’ ಎಂದು ಅಂಚೆ ಕಚೇರಿಯ ಏಕನಾಥಮ್ಮ ನಕ್ಕಳು. ನಗಲಿ ಬಿಡು. ನಿನ್ನ ಫೋನು ಕೆಟ್ಟು ನಾಲ್ಕು ತಿಂಗಳಾಯಿತಂತೆ, ರಿಪೇರಿ ಮಾಡಿಸುವ ಪುಣ್ಯಾತ್ಮರು ಅಷ್ಟು ದೊಡ್ಡ ದೆಹಲಿಯಲ್ಲಿ ಒಬ್ಬರೂ ಇಲ್ಲವೇನೋ. ಬಾಲರಾಜುವಿನ ಫೋನಿಗೆ ಮಾಡಿದರೆ ಒಂದು ದಿನ ‘ಸ್ನಾನಕ್ಕೆ ಹೋಗಿದ್ದಾಳೆ ಅಕ್ಕ’, ಇನ್ನೊಂದು ದಿನ ‘ಮಲಗಿದ್ದಾಳೆ ಅಕ್ಕ’. ಅದೆಷ್ಟು ಹೊತ್ತೇ ನಿನ್ನ ಸ್ನಾನ? ಇಲ್ಲಿದ್ದಾಗ ನಿನ್ನನ್ನು ಬಚ್ಚಲಿಗೆ ಕಳಿಸಬೇಕಾದರೆ ಅವ್ವ ಕೋಲು ಹಿಡಿಯಬೇಕಿತ್ತು.

ಈಗ ಸುದ್ದಿ ಕೇಳು. ನನಗೆ ಸರ್ಕಾರದ ಪ್ರವಾಸದ ರಜೆ ಮಂಜೂರಾಗಿದೆ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಇದೇ ಮೊದಲು. ದಸರಾ ರಜೆಯಲ್ಲಿ ನಾನು, ನಿನ್ನ ಭಾವ, ಅಪ್ಪ, ಅವ್ವ ನಾಲ್ವರೂ ದೆಹಲಿಗೆ ಬರುತ್ತಿದ್ದೇವೆ! ದಾವಣಗೆರೆಯಲ್ಲಿ ರೈಲು ಹತ್ತಿ ಸೆಪ್ಟೆಂಬರ್ 24ರ ಬುಧವಾರ ಅಲ್ಲಿ ಇಳಿಯುತ್ತೇವೆ. ಗುರುವಾರ ಕೆಂಪು ಕೋಟೆ, ಚಾಂದನಿ ಚೌಕ. ಶುಕ್ರವಾರ ಕುತುಬ್ ಮಿನಾರ್. ಶನಿವಾರ ಹುಮಾಯೂನನ ಸಮಾಧಿ, ಇಂಡಿಯಾ ಗೇಟ್. ಭಾನುವಾರ ರಾಜಘಾಟ್. ನಿನ್ನ ಭಾವ ಮ್ಯಾಪು ಹರಡಿಕೊಂಡು ಕುಳಿತರೆ ಊಟಕ್ಕೆ ಎರಡು ಸಲ ಕರೆಯಬೇಕು.

ಅಪ್ಪನದು ಬೇರೆಯೇ ಲೆಕ್ಕ. ಕುರಿ ಹಟ್ಟಿಗೆ ಹೊಡೆದುಕೊಂಡು ಬಂದವರು ಕಂಬಳಿಯನ್ನೂ ಇಳಿಸದೆ, ‘ಆ ಕೆಂಪು ಕೋಟೆಗೆ ಎಷ್ಟು ಸುತ್ತು ಐತೆ ಕೇಳು. ನಮ್ ದುರ್ಗಕ್ಕಿಂತ ಕಮ್ಮಿ ಇದ್ರೆ ನಾನು ಒಳಗೇ ಬರಾಕಿಲ್ಲ’ ಎಂದರು. ಅವ್ವ ಪಟ್ಟಿಯನ್ನೆಲ್ಲ ಕೇಳಿಸಿಕೊಂಡು, ‘ಅವೆಲ್ಲ ಇರ್ಲಿ. ನಮ್ ದೀಪನ ಮನೆ ಯಾವತ್ತು ನೋಡಾದು, ಅದನ್ ಮೊದ್ಲು ಬರ್ಕ’ ಎಂದಳು. ಬರೆದುಕೊಂಡಿದ್ದೇನೆ.

ನೀನು ಸಣ್ಣಗಾಗಿದ್ದೀಯಂತೆ, ಬಾಲರಾಜು ಕಳಿಸಿದ ಫೋಟೋ ನೋಡಿ ಅವ್ವ ಅಂದಳು. ಅಂಥ ಬಿಸಿಲಿನಲ್ಲಿ ಮಣಿಕಟ್ಟಿನ ತನಕ ಮುಚ್ಚುವ ರವಿಕೆ ಯಾಕೆ ಹಾಕಿದ್ದೆಯೋ. ಎಲ್ಲ ಬಂದ ಮೇಲೆ ಎದುರೆದುರು ಕೂತು ಮಾತಾಡೋಣ. ಒಂದು ಸಾಲು ಬರೆ.

ನಿನ್ನ ಅಕ್ಕ
ನೇತ್ರಾವತಿ

•

ಬಾಗೂರು
27 ಜುಲೈ 2025

ದೀಪಾ,

ನಿನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಸಿಟ್ಟಿನಲ್ಲಿ ಎರಡು ಹಾಳೆ ಹರಿದು ಎಸೆದೆ, ಇದು ಮೂರನೆಯದು.

ಬಾಲರಾಜುವಿನ ಫೋನಿನಿಂದ ನಿನ್ನ ಧ್ವನಿಯ ಮೆಸೇಜು ಬಂದಾಗ ನಾವು ಹಟ್ಟಿಯಲ್ಲೇ ಇದ್ದೆವು. ಎಷ್ಟು ದಿನದ ಮೇಲೆ ನಿನ್ನ ಮಾತು ಕೇಳುತ್ತೇವೆ ಎಂದು ಹಿಗ್ಗಿ, ಫೋನನ್ನು ಜಗುಲಿಯ ಮೇಲಿಟ್ಟು, ಅಪ್ಪ ಅವ್ವನನ್ನು ಕೂರಿಸಿ ಹಾಕಿದೆ. ನೀನು ಹೇಳಿದ್ದು ಇಷ್ಟು. ‘ಅಕ್ಕಾ, ಎಲ್ಲರೂ ಬನ್ನಿ. ನಮ್ಮ ಮನೆ ಚಿಕ್ಕದು, ಹೋಟೆಲಿನಲ್ಲಿ ಉಳಿದುಕೊಳ್ಳಿ. ಊರು ತೋರಿಸೋಕೆ ಇವರೇ ಕಾರು ಮಾಡ್ತಾರೆ. ಒಂದು ದಿನ ನಾನೇ ಹೋಟೆಲಿಗೆ ಬರ್ತೀನಿ. ಅಪ್ಪನಿಗೆ ಹೇಳು, ನನ್ನ ಕೈಯಾರೆ ಕೋಳಿಸಾರು ಮಾಡಿ ತರ್ತೀನಿ. ಇಲ್ಲಿಗೆ ಬಂದ ಮೇಲೆ ನನಗೂ ಅದೇ ಇಷ್ಟ.’

ಕೋಳಿಸಾರು! ಯಾವ ಬಾಯಲ್ಲಿ ಅಂದೆ? ನಮ್ಮ ಹಟ್ಟಿಯಲ್ಲಿ ಕೋಳಿ ಕೂಗಿದ್ದನ್ನು ಯಾರಾದರೂ ಕೇಳಿದ್ದಾರಾ? ಕುರಿಬಾಡು ಎಷ್ಟಾದರೂ ತಿಂದೇವು, ಕೋಳಿಯ ಪುಕ್ಕ ಹಟ್ಟಿಯೊಳಗೆ ಬಿದ್ದರೂ ದೇವರಿಗೆ ತಪ್ಪುಕಾಣಿಕೆ ಕಟ್ಟುವ ಜನ ನಾವು. ತಿಂದರೆ ತಿಂದೆ, ಊರು ಬಿಟ್ಟವರು ಏನೇನೋ ಮಾಡುತ್ತಾರೆ. ಅದನ್ನು ಗುಡಿಯ ಪೂಜಾರಿಕೆಯ ಮನೆಯ ಅಪ್ಪನಿಗೆ ಹೇಳಿ ಕಳಿಸುತ್ತಾರೇನೇ?

ಅಪ್ಪ ಎದ್ದು ಕುರಿರೊಪ್ಪದ ಕಡೆ ನಡೆದರು. ಉಣ್ಣಲು ಕರೆದರೆ, ‘ಆ ಅಳಿಯನ ಮನ್ತನ ದುರ್ಗ ಸೇರಿ ಮೂರು ತಲೆ ಆತು, ಹಟ್ಟಿ ಕಟ್ಟು ಎಲ್ಲ ಬಿಟ್ಟವ್ರೆ ಅಂತ ಆವತ್ತೇ ಬಡ್ಕಂಡೆ. ಯಾರೂ ಕೇಳ್ಲಿಲ್ಲ. ಇನ್ಮೇಲೆ ಅವ್ಳ ಹೆಸ್ರು ಈ ಮನೆಯಾಗೆ ಎತ್ತಬ್ಯಾಡ್ರಿ’ ಎಂದರು. ನಮ್ಮಪ್ಪ ಕಾಟಲಿಂಗಪ್ಪನವರು ಒಂದು ಸಲ ಅಂದರೆ ಮುಗಿಯಿತು, ನಿನಗೆ ಗೊತ್ತು.

ದೆಹಲಿಯೂ ಬೇಡ, ಕುತುಬ್ ಮಿನಾರೂ ಬೇಡ. ನಾವು ಯಾರೂ ಬರುವುದಿಲ್ಲ. ನೀನು ಹೇಗಿರುತ್ತೀಯೋ ಹಾಗೆ ಸುಖವಾಗಿರು.

ನೇತ್ರಾವತಿ

•

ಬಾಗೂರು
17 ಆಗಸ್ಟ್ 2025

ನನ್ನ ಬಂಗಾರ, ನನ್ನ ಪುಟ್ಟೀ,

ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ಹಿರಿಯೂರಿನ ಬಡೇಸಾಬರ ಮಗ ಅಜೀಮ್ ಗೊತ್ತಲ್ಲ? ನಮ್ಮ ಕಡೆಯ ದಾಳಿಂಬೆಯನ್ನು ಲಾರಿಯಲ್ಲಿ ದೆಹಲಿ ಮಾರ್ಕೆಟ್ಟಿಗೆ ಒಯ್ಯುವವನು. ಈ ಸಲ ಅವನೇ ಲಾರಿಯ ಜೊತೆ ಹೋಗುತ್ತಿದ್ದಾನೆ. ‘ನಿಮ್ ತಂಗಿ ಕೈಗೇ ಕೊಡ್ತೀನಿ ಅಕ್ಕ. ಆಯಮ್ಮ ಸಿಗ್ಲಿಲ್ಲ ಅಂದ್ರೆ ವಾಪಸ್ ತರ್ತೀನಿ, ಬೇರೆ ಯಾರ್ ಕೈಗೂ ಕೊಡಾಕಿಲ್ಲ’ ಎಂದು ಮಾತು ಕೊಟ್ಟಿದ್ದಾನೆ. ಅದಕ್ಕೇ ಇಂದು ಬಿಚ್ಚಿ ಬರೆಯುತ್ತಿದ್ದೇನೆ.

ನಿನ್ನನ್ನು ಅರ್ಥ ಮಾಡಿಕೊಂಡವಳು ಓದಿದ ನಾನಲ್ಲ, ಸಹಿ ಹಾಕಲೂ ಬಾರದ ಅವ್ವ. ಅಪ್ಪ ಇಲ್ಲದಾಗೆಲ್ಲ ನನ್ನ ಫೋನು ಇಸಿದುಕೊಂಡು ಆ ಮೆಸೇಜನ್ನೇ ಕೇಳುತ್ತಿದ್ದಳು. ಮಗಳ ಧ್ವನಿಯ ಆಸೆ, ಕೇಳಲಿ ಎಂದು ನಾನು ಸುಮ್ಮನಿದ್ದೆ. ಹೋದ ಗುರುವಾರ ರಾಗಿ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು, ‘ಏ ನೇತ್ರಾ, ಇಲ್ ಬಾ’ ಎಂದಳು. ‘ಕೋಳಿ ತಿಂದೋಳು ಅಪ್ಪಂಗೆ ಹೇಳ್ತಾಳೇನೇ? ಬಚ್ಚಿಡ್ತಾಳೆ. ನಾವು ಹೋದಾಗ ಪಾತ್ರೆ ಸೈತ ತೊಳ್ದು ಎತ್ತಿಡ್ತಾಳೆ. ಇವ್ಳು ಬೇಕಂತ್ಲೇ ಹೇಳ್ಯಾಳೆ. ಅವನು ಹೇಳ್ಕೊಟ್ಟಿದ್ನ ಒಪ್ಪಿಸ್ತಾ ಒಪ್ಪಿಸ್ತಾ ಅದೊಂದು ಮಾತು ತಾನೇ ಸೇರ್ಸ್ಯಾಳೆ. ನನ್ ಮಗ್ಳಿಗೆ ಏನೋ ಆಗೈತೆ ಕಣೇ.’

ಮತ್ತೆ ಹಾಕಿ ಕೇಳಿದೆ. ಮೊದಲೆಲ್ಲ ಪಾಠ ಒಪ್ಪಿಸಿದಂತೆ ಮಾತಾಡುತ್ತೀಯ, ಆ ಒಂದು ಮಾತಿಗೆ ಬಂದಾಗ ಮಾತ್ರ ಒಂದು ಗಳಿಗೆ ನಿಲ್ಲುತ್ತೀಯ. ಬಾಲರಾಜುವಿಗೆ ಅದರಲ್ಲಿ ಏನೂ ಅನ್ನಿಸಿರಲಿಕ್ಕಿಲ್ಲ, ಅವರ ಮನೆಯಲ್ಲಿ ಭಾನುವಾರ ಭಾನುವಾರ ಬೇಯುವ ಅಡುಗೆ. ಕೇಳಿದರೆ ನಾವು ಬೆಚ್ಚಿಬೀಳಬೇಕು ಎಂದು ನೀನು ಹೇಳಿದೆ. ನಾವು ಬೆಚ್ಚಿಬಿದ್ದೆವು, ಆದರೆ ಮೈಲಿಗೆಗೆ. ಥೂ, ನನ್ನ ಓದಿಗಿಷ್ಟು ಬೆಂಕಿ ಬೀಳ!

ಅದಕ್ಕಿಂತ ದೊಡ್ಡ ತಪ್ಪು ನನ್ನ ಹಿಂದಿನ ಕಾಗದ. ಅದನ್ನು ಅವನೇ ಒಡೆದು ಓದಿರುತ್ತಾನೆ. ನಿನಗೆ ತವರಿಲ್ಲ, ಇನ್ನು ಯಾರೂ ವಿಚಾರಿಸಲು ಬರುವುದಿಲ್ಲ ಎಂದು ನಾನೇ ಅವನಿಗೆ ಬರೆದುಕೊಟ್ಟಂತಾಯಿತು.

ಅಪ್ಪನಿಗೆ ಅವ್ವನೇ ಹೇಳಿದಳು. ಅವರು ಎದ್ದು ಹೋಗಿ ಕುರಿಗಳನ್ನು ಚಿತ್ತಯ್ಯ ಮಾವನ ಮಂದೆಗೆ ಸೇರಿಸಿ ಬಂದರು. ‘ನಡೀರಿ, ಹೋಗಾಣ’ ಎಂದರು, ಅಷ್ಟೇ. ನಿನ್ನ ಭಾವ ಪೊಲೀಸರ ಹತ್ತಿರ ಹೋಗೋಣ ಎಂದರು. ನಾನು ಬೇಡವೆಂದೆ. ಇಲ್ಲಿಂದ ಅವನಿಗೆ ಒಂದು ಫೋನು ಹೋದರೆ, ನಾವು ತಲುಪುವ ಹೊತ್ತಿಗೆ ನಿನ್ನನ್ನು ಏನು ಮಾಡಿಯಾನೋ ಎಂಬ ಭಯ.

ಈಗ ಕಿವಿಗೊಟ್ಟು ಕೇಳು. ಬಾಲರಾಜುವಿಗೆ ನಾನು ನಗುನಗುತ್ತಾ ಮೆಸೇಜು ಹಾಕಿದ್ದೇನೆ. ಅಪ್ಪನ ಸಿಟ್ಟು ಇಳಿದಿದೆ, ಟೂರು ಖಾಯಂ, 24ರಂದೇ ಬರುತ್ತೇವೆ ಎಂದು ಪಟ್ಟಿಯನ್ನೂ ಮತ್ತೆ ಕಳಿಸಿದ್ದೇನೆ. ಕೆಂಪು ಕೋಟೆ, ಕುತುಬ್ ಮಿನಾರ್, ಎಲ್ಲ ಮೊದಲಿನಂತೆಯೇ. ಅವನು ‘ವೆಲ್‌ಕಮ್ ಅಕ್ಕ, ಯಾವ ಹೋಟೆಲು ಚೆನ್ನಾಗಿದೆ ನೋಡ್ತೀನಿ’ ಎಂದು ಬರೆದ. ಅವನು ಹಾಗೆಯೇ ನಂಬಿಕೊಂಡಿರಲಿ. ನಾವು ಬರುವುದು ಸೆಪ್ಟೆಂಬರ್ 3ಕ್ಕೆ, ಅದಕ್ಕಿಂತ ಮೊದಲು ನಾಲ್ವರಿಗೂ ರೈಲಿನ ಟಿಕೆಟ್ಟು ಸಿಗಲಿಲ್ಲ. ಬುಧವಾರ ಹಗಲು, ಅವನು ಗೋದಾಮಿನ ಕೆಲಸಕ್ಕೆ ಹೋದ ಮೇಲೆ, ನೇರ ನಿನ್ನ ಬಾಗಿಲಿಗೆ. ಬಟ್ಟೆಬರೆ ಏನೂ ಬೇಡ. ನಿನ್ನ ಮಾರ್ಕ್ಸ್ ಕಾರ್ಡು, ಆಧಾರ್ ಸಿಕ್ಕರೆ ತೆಗೆದುಕೋ, ಇಲ್ಲದಿದ್ದರೆ ಬರಿಗೈಯಲ್ಲೇ ಬಾ. ಓದಿದ ಮೇಲೆ ಈ ಕಾಗದ ಹರಿದುಹಾಕು. ಅಜೀಮನಿಗೆ ‘ಹೂಂ’ ಎನ್ನು, ಸಾಕು.

ದೇವರು ನಿನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಲಿ. ಅವ್ವ ಹಟ್ಟಿದೇವರ ಭಂಡಾರ ಕೊಟ್ಟಿದ್ದಾಳೆ, ಈ ಕಾಗದದ ಮಡಿಕೆಯಲ್ಲಿದೆ, ಹಣೆಗೆ ಹಚ್ಚಿಕೋ. ಅಪ್ಪ ‘ನಾನು ಕೇಳ್ದೆ ಅಂತ ಬರಿ’ ಎಂದರು. ಬರೆದಿದ್ದೇನೆ.

ನಿನ್ನ ಅಕ್ಕ
ನೇತ್ರಾವತಿ

ಮರೆತ ಮಾತು, 29 ಆಗಸ್ಟ್, ಶುಕ್ರವಾರ:

ಅಜೀಮ್ ಇಂದು ಬೆಳಿಗ್ಗೆ ಬಂದ. ಈ ಕಾಗದ ಅಂಟು ಬಿಚ್ಚದೆ ಹಾಗೆಯೇ ವಾಪಸು ಬಂತು.

ಅವನು ಹೋದಾಗ ಬಾಲರಾಜು ಮನೆಯಲ್ಲೇ ಇದ್ದನಂತೆ. ಊರಿನವನು ಎಂದು ಒಳಗೆ ಕರೆದು ತಾನೇ ಚಾ ಮಾಡಿ ಕೊಟ್ಟನಂತೆ. ‘ದೀಪಾ ಗೆಳತಿಯ ಮದುವೆಗೆ ಹೋಗಿದ್ದಾಳೆ’ ಎಂದನಂತೆ. ‘ಅಕ್ಕಾ, ನಿಮ್ ಮುಂದೆ ಸುಳ್ಳು ಹೇಳಂಗಿಲ್ಲ’ ಎಂದ ಅಜೀಮ್. ‘ಬಾಗ್ಲಾಗೆ ಹೆಂಗಸ್ರ ಚಪ್ಲಿ ಒಂದೂ ಇರ್ಲಿಲ್ಲ. ಹಗ್ಗದ ಮ್ಯಾಲೆ ಒಂದು ಸೀರೆ ಇಲ್ಲ, ಒಂದು ಟವೆಲ್ಲೂ ಇಲ್ಲ. ಇಳಿಯೋವಾಗ ಮೇಲ್ಗಡೆ ಮನೆ ಆಯಮ್ಮನ್ನ ಕೇಳ್ದೆ. ರಾಖಿ ಹಬ್ಬ ಆದ ಮ್ಯಾಲೆ ಅವ್ಳನ್ನ ನಾವು ಯಾರೂ ನೋಡಿಲ್ಲ ಅಂದು ಬಾಗ್ಲು ಹಾಕ್ಕಂಡ್ರು.’

ರಾಖಿ ಕಳೆದು ಇಂದಿಗೆ ಇಪ್ಪತ್ತು ದಿನ. ಬಾಲರಾಜು ನಿನ್ನೆ ಕೂಡ ಮೆಸೇಜು ಹಾಕಿದ್ದಾನೆ. ‘ದೀಪಾ ನಿಮ್ಮ ದಾರಿ ಕಾಯ್ತಿದ್ದಾಳೆ ಅಕ್ಕ. ಕೆಂಪು ಕೋಟೆಗೆ ಸೋಮವಾರ ರಜ ಇರುತ್ತೆ, ಪ್ಲಾನ್ ಮಾಡುವಾಗ ನೆನಪಿರಲಿ.’

ಹೊಸದುರ್ಗ ಸ್ಟೇಷನ್ನಿನಲ್ಲಿ ದೂರು ಬರೆದುಕೊಟ್ಟು ಬಂದಿದ್ದೇವೆ. ಇನ್ನು ಮೂರನೇ ತಾರೀಕಿನ ತನಕ ಕಾಯುವುದಿಲ್ಲ. ಮಧ್ಯಾಹ್ನದ ಬಸ್ಸಿಗೆ ಬೆಂಗಳೂರು, ಅಲ್ಲಿಂದ ವಿಮಾನ. ಅಜೀಮ್ ಮನೆಗೂ ಹೋಗದೆ ನಮ್ಮ ಜೊತೆ ಬರುತ್ತಿದ್ದಾನೆ. ಈ ಕಾಗದವನ್ನು ನಾನೇ ತರುತ್ತಿದ್ದೇನೆ. ಓದಲು ನೀನಿರಬೇಕು ದೀಪಾ.

ಒಂದು ಮಾತು ಅಪ್ಪ ಅವ್ವನಿಗೂ ನಿನ್ನ ಭಾವನಿಗೂ ಹೇಳಿಲ್ಲ. ಮೇಲಿನದನ್ನೆಲ್ಲ ಅವರಿಗೆ ಓದಿ ಹೇಳಬೇಕಿತ್ತು, ಅದಕ್ಕೇ ಮೊದಲು ಏನೂ ಗೊತ್ತಿರದವಳ ಹಾಗೆ ಬರೆದೆ. ಜೂನ್ ಇಪ್ಪತ್ತರ ಶುಕ್ರವಾರ ನಾನು ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದಾಗ ನೀನು ಮೇಲಿನ ಮನೆಯವರ ಫೋನಿನಿಂದ ಮಾಡಿದ್ದೆ. ‘ಅಕ್ಕಾ, ಬಂದು ನನ್ನ ಕರ್ಕಂಡು ಹೋಗು’ ಎಂದೆ. ಹೊಡೆಯುತ್ತಾನಾ ಎಂದು ಕೇಳಿದರೆ ಸುಮ್ಮನಾದೆ. ಆಗಲೇ ನನಗೆ ಎಲ್ಲ ಗೊತ್ತಾಗಿತ್ತು. ಆದರೂ ನಾನು, ಈಗ ರಜ ಸಿಗಲ್ಲ, ಅಪ್ಪನಿಗೆ ತಿಳಿದರೆ ಎದೆ ಒಡಕೊಳ್ತಾರೆ, ಹಟ್ಟಿಯವರು ಆಡಿಕೊಳ್ತಾರೆ ಎಂದೆ. ದಸರಾ ರಜೆಗೆ ದೆಹಲಿ ನೋಡುವ ನೆಪದಲ್ಲಿ ಬಂದು ಯಾರಿಗೂ ಅನುಮಾನ ಬರದ ಹಾಗೆ ಕರೆದುಕೊಂಡು ಬರುತ್ತೇನೆ, ಅಲ್ಲಿ ತನಕ ಸುಧಾರಿಸಿಕೋ ಎಂದೆ. ಟೂರು ಹುಟ್ಟಿದ್ದು ಹಾಗೆ. ಕೋಳಿಯ ಮಾತು ಬಂದಾಗ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಒಳಗೊಳಗೇ, ಇನ್ನು ಬರುವುದು ತಪ್ಪಿತಲ್ಲ ಎಂದು ನಿರಾಳವೂ ಆಗಿತ್ತು.

ಆವತ್ತು ನೀನು ಅಳಲಿಲ್ಲ, ಜಗಳವನ್ನೂ ಮಾಡಲಿಲ್ಲ. ‘ನೀವು ಬರಾಕೆ ಇನ್ನೆಷ್ಟು ದಿನ ಐತಕ್ಕಾ?’ ಎಂದು ಕೇಳಿದೆ. ನಾನು ಗೋಡೆಯ ಕ್ಯಾಲೆಂಡರು ಮಗುಚಿ, ಒಂದೊಂದೇ ಎಣಿಸಿ, ತೊಂಬತ್ತಾರು ಎಂದೆ. ಆಯ್ತು ಅಕ್ಕ ಎಂದು ನೀನು ಫೋನಿಟ್ಟೆ.