ವ್ಯಾನಿಗೆ ಹೊಸ ನಂಬರು

ಲಾಂಡ್ರಿಯಿಂದ,
ಜೂನ್ ೯, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಮಕ್ಕಳಿಗೆ ಶಾಲೆ ಶುರುವಾಗಿರಬೇಕು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಮಂಡಿಯೊಂದು ಅವಳ ಮಾತು ಕೇಳುತ್ತಿಲ್ಲ, ಕೂತಲ್ಲೇ ದಿಂಬಿನ ಕವರು ಮಡಚಿಕೊಡುತ್ತಾಳೆ. ಮಾರ್ಚ್‌ನಿಂದ ನೀನು ನನ್ನ ಫೋನ್ ಎತ್ತಿಲ್ಲ, ಅದಕ್ಕೇ ಕಾಗದ. ಇದನ್ನು ನಡುವೆ ಕಟ್ ಮಾಡಲಾಗುವುದಿಲ್ಲ ನೋಡು.

ವ್ಯಾನಿನ ಸಮಾಚಾರ ಹೇಳಬೇಕು. ನಿಮ್ಮ ಊರಲ್ಲಿ ಹಳೇ ಗಾಡಿ ಅಗ್ಗ ಎಂದವನು ನೀನು. ಅಲ್ಲಿನ ವಿಳಾಸವಿಲ್ಲದೆ ಕೊಡುವುದಿಲ್ಲವೆಂದು ನಿನ್ನ ಹೆಸರಿನಲ್ಲೇ ಕೊಂಡೆ. ಗಾಡಿಯ ಬೆಲೆ ಒಂದು ಲಕೋಟೆಯಲ್ಲಿ, ನಮ್ಮ ರಾಜ್ಯದಲ್ಲಿ ಕಟ್ಟಬೇಕಾದ ತೆರಿಗೆ ಇನ್ನೊಂದರಲ್ಲಿ, ಎರಡನ್ನೂ ನಿನ್ನ ಕೈಗೇ ಕೊಟ್ಟಿದ್ದೆ. "ಟ್ಯಾಕ್ಸು, ಹೆಸರು ಬದಲಾವಣೆ ಎಲ್ಲ ನನ್ನ ತಲೆನೋವು, ನೀನು ಬಟ್ಟೆ ಒಗೆಯೋದು ನೋಡ್ಕೋ" ಅಂದೆ. ನಾನು ಹದಿನಾಲ್ಕು ತಿಂಗಳು ಬಟ್ಟೆ ಒಗೆಯುವುದನ್ನೇ ನೋಡಿಕೊಂಡೆ.

ಮಾರ್ಚ್ ಕೊನೆಯಲ್ಲಿ ಸೇತುವೆ ಹತ್ತಿರ ಇನ್‌ಸ್ಪೆಕ್ಟರು ಕೈ ಅಡ್ಡ ಹಾಕಿದರು. ಹಿಂದೆ ಲಾಡ್ಜಿನ ಅರವತ್ತು ಹಾಸುಬಟ್ಟೆ, ಇನ್ನೂ ಹಸಿ. ಹೊರರಾಜ್ಯದ ನಂಬರು ನೋಡಿ, "ನೆಂಟರು ವರ್ಷಗಟ್ಟಲೆ ಇರ್ತಾರೇನಮ್ಮಾ?" ಎಂದರು. ತೆರಿಗೆಯ ರಸೀದಿ ಕೇಳಿದರು. ಅಣ್ಣನ ಹತ್ತಿರ ಇದೆ ಎಂದೆ, ಹಾಗೇ ನಂಬಿದ್ದೆ. ಅವರ ಮುಂದೆಯೇ ನಿನಗೆ ಐದು ಸಲ ಫೋನ್ ಮಾಡಿದೆ. ಗಾಡಿ ಸಾರಿಗೆ ಕಚೇರಿಯ ಅಂಗಳಕ್ಕೆ ಹೋಯಿತು. ಮೂರನೆಯ ದಿನ ಬಾಗಿಲು ತೆಗೆಸಿದಾಗ ಹಾಸುಬಟ್ಟೆಗಳ ಮೇಲೆ ಕಪ್ಪು ಬೂಷ್ಟು. ಲಾಡ್ಜಿನ ಮ್ಯಾನೇಜರು ಬೈಯಲಿಲ್ಲ, ಒಳ್ಳೆಯವರು. ಮುಂದಿನ ವಾರದಿಂದ ಬೇರೆಯವರಿಗೆ ಕೊಟ್ಟರು, ಅಷ್ಟೇ.

ಕಚೇರಿಯ ಗೇಟಿನಲ್ಲಿ ಅರ್ಜಿ ಬರೆದುಕೊಡುವ ಮುದುಕರೊಬ್ಬರು ಎಲ್ಲವನ್ನೂ ಬಿಡಿಸಿ ಹೇಳಿದರು. ನಿಮ್ಮ ಕಡೆಯ ಕಚೇರಿ ಅಭ್ಯಂತರವಿಲ್ಲವೆಂದು ಪತ್ರ ಕೊಡಬೇಕು, ಅದಕ್ಕೆ ನಿನ್ನ ಸಹಿ ಬೇಕು. ಆಮೇಲೆ ಇಲ್ಲಿ ತೆರಿಗೆ, ದಂಡ, ಹೊಸ ನಂಬರು. "ಸಹಿ ಬೇಕಾದ್ರೆ ನಾನೇ ಹಾಕ್ತೀನಿ, ನಿಮ್ಮಣ್ಣನಿಗಿಂತ ಚೆನ್ನಾಗಿ ಹಾಕ್ತೀನಿ" ಎಂದರು. ನನ್ನ ಅಣ್ಣ ಗುಂಡುಕಲ್ಲಿನ ಹಾಗೆ ಇದ್ದಾನೆ, ಕಳ್ಳ ಸಹಿ ಯಾಕೆ ಎಂದು ಬಸ್ಸು ಹತ್ತಿದೆ.

ನಿನ್ನ ಮನೆಗೆ ಬಂದದ್ದು ಬೆಳಗ್ಗೆ ಒಂಬತ್ತಕ್ಕೆ. ಹೊಸ್ತಿಲಲ್ಲಿ ನಿನ್ನ ಚಪ್ಪಲಿ ಇತ್ತು. ನೀನು ಯಾವಾಗಲೂ ಎಡಗಾಲಿನ ಹಿಮ್ಮಡಿ ಸವೆಸುತ್ತೀಯಲ್ಲ, ಹಾಗೇ ಸವೆದಿತ್ತು. ಅತ್ತಿಗೆ, "ಅವರು ಕೆಲಸದ ಮೇಲೆ ಪರವೂರಿಗೆ ಹೋದ್ರಲ್ಲ, ಬರೋದು ವಾರ ಆಗುತ್ತೆ" ಎಂದರು. ಕಾಫಿ ಕೊಟ್ಟರು. ನಾನು ಆ ಮುದುಕರು ಬರೆದುಕೊಟ್ಟ ಮೂರು ಅರ್ಜಿಗಳನ್ನು ಟೀಪಾಯಿಯ ಮೇಲಿಟ್ಟು, ವಾರ ಆದರೂ ಇಲ್ಲೇ ಕೂತಿರುತ್ತೇನೆ ಎಂದೆ. ಅತ್ತಿಗೆ ಅವನ್ನು ಎತ್ತಿಕೊಂಡು ಒಳಕೋಣೆಗೆ ಹೋದರು. ಬಂದಾಗ ಮೂರಕ್ಕೂ ಸಹಿ ಬಿದ್ದಿತ್ತು. ಶಾಯಿ ಹಸಿಯಾಗಿತ್ತು. "ಮೊದಲೇ ಮಾಡಿಟ್ಟಿದ್ರು" ಎಂದರು, ನನ್ನ ಮುಖ ನೋಡದೆ. ಪಾಪ, ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಒಳಗೆ ನೀನು ಕೆಮ್ಮಿದೆ. ನಾವಿಬ್ಬರೂ ಕೇಳಿಸದವರಂತೆ ಮಕ್ಕಳ ಓದಿನ ವಿಷಯ ಮಾತಾಡಿದೆವು.

ಅಣ್ಣಾ, ಆ ತೆರಿಗೆಯ ಲಕೋಟೆ ಖರ್ಚಾಗಿಹೋಯಿತು ಎಂದು ಹೊರಗೆ ಬಂದು ಹೇಳಿದ್ದರೆ ಜಗಳವಾಡುತ್ತಿದ್ದೆ. ಬಾಯಿಗೆ ಬಂದಂತೆ ಬೈದು, ಅಲ್ಲೇ ಊಟ ಮಾಡಿಕೊಂಡು ಬರುತ್ತಿದ್ದೆ. ಕದದ ಹಿಂದೆ ಕೂತವನ ಹತ್ತಿರ ಹೇಗೆ ಜಗಳವಾಡಲಿ?

ನಿಮ್ಮ ಕಚೇರಿಯ ಪತ್ರ ಬರಲು ಐದು ವಾರ ಹಿಡಿಯಿತು. ಇಲ್ಲಿ ತೆರಿಗೆ, ತಡವಾದದ್ದಕ್ಕೆ ಅದರ ಮೇಲೆ ದಂಡ. ದೊಡ್ಡ ವಾಷಿಂಗ್ ಮೆಷಿನ್ನು ಮಾರಿ ಕಟ್ಟಿದೆ. ಈಗ ಚಿಕ್ಕದರಲ್ಲೇ ಸರದಿ ಹಾಕಿ ಒಗೆಯುತ್ತೇನೆ, ಕೆಲಸವೂ ಅರ್ಧವಾಗಿದೆಯಲ್ಲ. ನಿನ್ನೆ ಗಾಡಿ ನನ್ನ ಹೆಸರಿಗಾಯಿತು, ಹೊಸ ನಂಬರಿನ ಫಲಕ ಕೂರಿಸಿದರು. ಹಳೆಯದನ್ನು ಏನು ಮಾಡಲಿ ಎಂದು ಕೇಳಿದರು. ನಿಮ್ಮಲ್ಲೇ ಇರಲಿ ಎಂದೆ.

ಅತ್ತಿಗೆಗೆ ನಮಸ್ಕಾರ ಹೇಳು. ಅವರ ಮೇಲೆ ನನಗೆ ಕೋಪವಿಲ್ಲ. ಮಕ್ಕಳಿಗೆ ಮುತ್ತು. ಬೆನ್ನಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ ತಂಗಿ,
ಗುಬ್ಬಿ

ಮರೆತಿದ್ದೆ: ಮೆಷಿನ್ನು ಎಲ್ಲಿ ಎಂದು ಅಮ್ಮ ಕೇಳಿದಳು. ಕೆಟ್ಟಿತ್ತು, ರಿಪೇರಿಗೆ ಹೋಗಿದೆ ಎಂದೆ. ವ್ಯಾನಿನ ತೆರಿಗೆ, ದಂಡ ಎಲ್ಲ ಅಣ್ಣನೇ ಕಳಿಸಿದ ಎಂದೂ ಹೇಳಿಬಿಟ್ಟಿದ್ದೇನೆ. ಅಂದಿನಿಂದ ಬಂದವರಿಗೆಲ್ಲ ಅದೇ ಹೇಳಿಕೊಂಡು ಕೂತಿದ್ದಾಳೆ. ಭಾನುವಾರ ನಿನಗೆ ಫೋನ್ ಮಾಡಿ ಹರಸುತ್ತಾಳಂತೆ. ಹೌದಮ್ಮಾ ಅಂದುಬಿಡು. ಆ ಒಂದು ಫೋನನ್ನಾದರೂ ಅತ್ತಿಗೆಯ ಕೈಗೆ ಕೊಡದೆ ನೀನೇ ಎತ್ತು.